ಅತ್ತೆ ಕೇಳಿಸಿಕೊಂಡ ಕಾದಂಬರಿ

ಬಂಗಾರಪೇಟೆ,
11-3-1987, ಬುಧವಾರ

ನನ್ನ ಪ್ರೀತಿಯ ಕನಕಳಿಗೆ,

ನಿನ್ನ ವರಲಕ್ಷ್ಮಿಯ ನೆನಪುಗಳು. ನಾವೆಲ್ಲ ಕ್ಷೇಮ, ನೀನೂ ಕ್ಷೇಮವೆಂದು ನಂಬಿದ್ದೇನೆ ಅಂತ ಪ್ರತಿ ಸಲ ಬರೆಯುತ್ತೇನಲ್ಲ, ಈ ಸಲ ಆ ಎರಡನೆಯ ಮಾತು ಬರೆಯಲು ಕೈ ಓಡುತ್ತಿಲ್ಲ. ಯಾಕೆಂದು ಹೇಳುತ್ತೇನೆ. ಮೊದಲು ಪುಸ್ತಕದ ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಉಳಿದದ್ದು ನಿನಗೆ ಅರ್ಥವಾಗುವುದಿಲ್ಲ.

ನೀನು ಒಂದೇ ದಿನದಲ್ಲಿ ಓದಿ ಮುಗಿಸಿದೆ ಎಂದು ಬರೆದಿದ್ದೆಯಲ್ಲ, ಆ ಕಪ್ಪು ರಟ್ಟಿನ ಕಾದಂಬರಿಯನ್ನು ನಮ್ಮವರು ಬೆಂಗಳೂರಿನ ಹಳೆಯ ಪುಸ್ತಕದ ಅಂಗಡಿಯಿಂದ ತಂದುಕೊಟ್ಟರು. ಕಡಲ ದಂಡೆಯ ಬಂಗಲೆ, ಎರಡು ಮಾತಿಗಿಂತ ಹೆಚ್ಚಾಡದ ಜಯಸಿಂಹ, ಅವನ ಕೈಹಿಡಿದು ಬಂದ ನಿರುಪಮಾ, ಅವಳನ್ನು ಕೊಲ್ಲಲು ಹೊಂಚು ಹಾಕುತ್ತಿರುವ ಯಾರೋ ಒಬ್ಬರು. ಕಾಪಾಡಲಿಕ್ಕೆಂದು ಜಯಸಿಂಹ ಅವಳನ್ನು ಮಹಡಿಯ ಕೋಣೆಯಲ್ಲಿಟ್ಟು ಬೀಗ ಹಾಕುತ್ತಾನೆ. ಬೀಗ ತಿರುಗುವ ಸದ್ದನ್ನು ಬರೆದ ಆ ಸಾಲನ್ನು ನಾನು ನಾಲ್ಕು ಸಲ ಓದಿದೆ ಕಣೇ. ಭಯವಾಗುತ್ತಿತ್ತು, ಆ ಭಯ ಇನ್ನಷ್ಟು ಬೇಕು ಅನ್ನಿಸುತ್ತಿತ್ತು. ಅವತ್ತು ಒಲೆಯ ಮೇಲಿನ ಸಾರು ಬತ್ತಿ ತಳ ಹಿಡಿದಿದ್ದು ನನಗೆ ಗೊತ್ತೇ ಆಗಲಿಲ್ಲ.

ಅತ್ತೆಗೆ ಗೊತ್ತಾಯಿತು. ಮದುವೆಯಲ್ಲಿ ನೋಡಿದ್ದೀಯಲ್ಲ ಮುನಿಗಂಗಮ್ಮನವರನ್ನು, ಆಚೆ ಹೊಲಕ್ಕೆ ಕೇಳುವ ಗಂಟಲು. ಹಿಂಡಿ ಮೂಟೆಯ ಹಿಂದೆ ಬಚ್ಚಿಟ್ಟಿದ್ದ ಪುಸ್ತಕವನ್ನು ಎಳೆದು ತಂದು ನನ್ನ ಮುಂದೆ ಹಾಕಿದರು. ಬೈಗುಳಕ್ಕೆ ಕಾದು ನಿಂತೆ. ಅವರು ಹುಣಸೆಹಣ್ಣಿನ ರಾಶಿಯ ಮುಂದೆ ಕೂತು, "ಸಾರು ಸೀದೋಗೋವಂಥಾದ್ದು ಇದ್ರಲ್ಲಿ ಏನೈತೆ, ಓದು ನೋಡೋಣ" ಅಂದರು.

ಅವತ್ತಿನಿಂದ ದಿನವೂ ಮಧ್ಯಾಹ್ನ ಓದುತ್ತಾ ಬಂದೆ. ಕನಕಾ, ನಾನು ಹೈಸ್ಕೂಲಿನಿಂದ ಕಾದಂಬರಿ ಓದುತ್ತಿದ್ದೇನೆ. ಆದರೆ ಓದುವುದು ಅಂದರೆ ಏನೆಂದು ಅಕ್ಷರವೇ ಬಾರದ ಅತ್ತೆಯನ್ನು ನೋಡಿ ತಿಳಿದುಕೊಂಡೆ. ಹಣ್ಣು ಕುಟ್ಟುವ ಕೈ ಗಾಳಿಯಲ್ಲೇ ನಿಂತುಬಿಡುತ್ತಿತ್ತು. ನಾನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದರೂ "ಆಮ್ಯಾಕೆ?" ಅನ್ನುತ್ತಿದ್ದರು. ಒಂದು ಸಂಜೆ ಕೊಟ್ಟಿಗೆಯಲ್ಲಿ ಎಮ್ಮೆ ಒದರುತ್ತಿದ್ದರೂ ಏಳಲಿಲ್ಲ, ಹಾಲು ಡೈರಿಗೆ ಹೋಗುವ ಹೊತ್ತಿಗೆ ಬಾಗಿಲು ಮುಚ್ಚಿತ್ತು. ಅಷ್ಟೂ ಹಾಲನ್ನು ಮನೆಯಲ್ಲೇ ಹೆಪ್ಪು ಹಾಕಿದೆವು. ನಮ್ಮವರು ರೈಲಿಳಿದು ಬಂದು ಏನಾಯಿತೆಂದು ಕೇಳಿದಾಗ, ಎಮ್ಮೆ ಹೊತ್ತಿಗೆ ಸರಿಯಾಗಿ ಸೊರ ಬಿಟ್ಟು ಹಾಲಿಳಿಸಲಿಲ್ಲ ಅಂತ ಅತ್ತೆ ಕಣ್ಣು ಮಿಟುಕಿಸದೆ ಸುಳ್ಳು ಹೇಳಿದರು.

ನಾಲ್ಕನೆಯ ದಿನ, ಪುಸ್ತಕ ಇನ್ನೂ ಅರ್ಧಕ್ಕೂ ಬಂದಿರಲಿಲ್ಲ, ಕೊಲೆಗಾರ ಯಾರೆಂದು ಹೇಳಿಬಿಟ್ಟರು. "ಆ ಜಯಸಿಂಹನ ತಮ್ಮ. ಮನೇಲಿ ಎಲ್ರೂ ಎದೆ ಒಡ್ಕೊಂಡು ಕೂತವ್ರೆ, ಅವನೊಬ್ನೇ ಎರಡು ಸಲ ಅನ್ನ ಆಕ್ಸ್ಕೊಂಡು ಉಣ್ತಾವ್ನೆ. ಅವನೇ." ಊಟದ ಆ ಸಾಲು ನನ್ನ ಕಣ್ಣೆದುರೇ ಇತ್ತು, ನೀನೂ ಓದಿದ್ದೆ. ಕೊನೆಯ ಅಧ್ಯಾಯದ ತನಕ ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

ಕೊನೆಯ ಪುಟಕ್ಕೆ ಬಂದೆವು. ತಮ್ಮ ಕಡಲಿಗೆ ಬಿದ್ದು ಸತ್ತ, ಜಯಸಿಂಹ ಕೋಣೆಯ ಬಾಗಿಲು ತೆರೆದ, ನಿರುಪಮಾ ಅವನ ಎದೆಗೆ ಒರಗಿದಳು. ಅತ್ತೆ, "ಬೀಗದ್ಕೈ ಈಗ ಯಾರತ್ರ ಐತೆ?" ಅಂದರು. ನಾನು ಹಿಂದಿನ ಪುಟಗಳನ್ನೆಲ್ಲ ತಿರುವಿ ನೋಡಿದೆ. ಪುಸ್ತಕದಲ್ಲಿ ಅದು ಇರಲಿಲ್ಲ. "ಅಂಗಾದ್ರೆ ಅವನ ಜೇಬಲ್ಲೇ ಐತೆ" ಅಂದು ಅತ್ತೆ ಮತ್ತೆ ಹಣ್ಣು ಕುಟ್ಟತೊಡಗಿದರು.

ಈಗ ನಾನು ನಾಚಿಕೆಯಿಂದ ಬರೆಯಬೇಕಾದ ಮಾತು. ಸಂಕ್ರಾಂತಿ ಕಳೆದ ಮೇಲೆ ನೀನು ಬರೆದ ಕಾಗದ ಇಲ್ಲೇ ನನ್ನ ಮುಂದಿದೆ. ನಿನ್ನ ಯಜಮಾನರು ಶಿಫ್ಟಿಗೆ ಹೊರಡುವಾಗ ಹೊರಗಿನಿಂದ ಬೀಗ ಹಾಕಿಕೊಂಡು ಹೋಗುತ್ತಾರೆ, ಈ ಕಾಗದವನ್ನೂ ಕಿಟಕಿಯಿಂದ ಪೋಸ್ಟ್‌ಮ್ಯಾನ್ ಕೈಗೆ ಕೊಡುತ್ತಿದ್ದೇನೆ, ಥೇಟ್ ಜಯಸಿಂಹನೇ ಅಲ್ಲವೇನೇ, ಎಂದು ನೀನು ಬರೆದು ನಕ್ಕಿದ್ದೆ. ಅದಕ್ಕೆ ನಾನು ಏನು ಉತ್ತರ ಬರೆದೆ ನೆನಪಿದೆಯಾ? ನೀನು ಪುಣ್ಯವಂತೆ, ನಮ್ಮವರು ಬೆಳಗಿನ ರೈಲಿಗೆ ಹೋಗಿ ಸಂಜೆಯ ರೈಲಿಗೆ ಬರುವವರು, ನಾನು ಹೊಸ ಸೀರೆ ಉಟ್ಟರೂ ತಿರುಗಿ ನೋಡುವುದಿಲ್ಲ ಅಂತ. ಹೌದು, ನನಗೆ ಹೊಟ್ಟೆಕಿಚ್ಚಾಗಿತ್ತು. ಆ ಕಾಗದವನ್ನು ಬೀಗ ಹಾಕಿದ ಮನೆಯಲ್ಲಿ ಕೂತು ನೀನು ಓದಿಕೊಂಡಿದ್ದೀಯ ಅನ್ನುವುದು ನನಗೆ ನಿನ್ನೆಯ ತನಕ ತಟ್ಟಲೇ ಇಲ್ಲ.

ನಿನ್ನೆ ಮಧ್ಯಾಹ್ನ ಅತ್ತೆ ಇನ್ನೊಂದು ಕಥೆ ಓದು ಅಂತ ಕೂತರು. ಮನೆಯಲ್ಲಿ ಬೇರೆ ಪುಸ್ತಕ ಇರಲಿಲ್ಲ. ನನಗೇನು ತುಂಟತನವೋ, ನಿನ್ನ ಕಾಗದವನ್ನೇ ಹಳೆಯ ವಾರಪತ್ರಿಕೆಯೊಳಗೆ ಇಟ್ಟುಕೊಂಡು, ಊರು ಹೆಸರು ಬದಲಾಯಿಸಿ, ಕಥೆಯಂತೆ ಓದಿದೆ. ಬೀಗದ ವಿಷಯ ಬಂತು, ಅತ್ತೆ ಸುಮ್ಮನೆ ಕೇಳಿದರು. ಕಿಟಕಿ ಬಂತು, ಕೇಳಿದರು. ಮುಂದೆ ನೀನು ಹಾಗೇ ಮಾತಿಗೆ ಬರೆದಿದ್ದೀಯಲ್ಲ, ಕಕ್ಕಸು ನಮ್ಮ ಲೈನಿನ ಮನೆಸಾಲಿನ ಕೊನೆಯಲ್ಲಿದೆ, ಅದಕ್ಕೇ ಅವರು ಹೋದ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಿದ್ದೇನೆ ಎಂದು? ಅಲ್ಲಿ ಅತ್ತೆ ಕೈ ಎತ್ತಿ ನಿಲ್ಲಿಸಿದರು.

"ಇದು ಪುಸ್ತಕ ಅಲ್ಲ" ಅಂದರು. "ಪುಸ್ತಕದಲ್ಲಿ ಬೀಗ ಆಕಿಸ್ಕೊಂಡೋಳಿಗೆ ಒಂದಕ್ಕೆ ಬರಲ್ಲ. ಯಾರೇ ಈ ಉಡುಗಿ?"

ವಾರಪತ್ರಿಕೆಯೊಳಗಿನಿಂದ ಕಾಗದವನ್ನು ಈಚೆ ತೆಗೆದೆ. ನಿನ್ನ ಹೆಸರು ಹೇಳಿದೆ. ಪೂರ್ತಿ ಓದಿಸಿದರು, ಎರಡು ಸಲ. ನಿಮ್ಮ ಮರದ ಹುಣಸೇಕಾಯಿ ಉಪ್ಪಿನ ಜೊತೆ ತಿನ್ನಬೇಕು ಅಂತ ಬಾಯಿ ನೀರೂರುತ್ತದೆ, ಈ ಕಿಟಕಿಯಿಂದ ಒಂದು ಕೊಂಬೆಯೂ ಕಾಣುವುದಿಲ್ಲ ಎಂದು ಕೊನೆಗೆ ಬರೆದಿದ್ದೀಯ. ನಾನು ಅದನ್ನು ನಮ್ಮ ಶಾಲೆಯ ದಿನಗಳ ನೆನಪು ಅಂದುಕೊಂಡಿದ್ದೆ. "ಎಷ್ಟು ತಿಂಗಳು ಅವಳಿಗೆ?" ಅಂದರು ಅತ್ತೆ. ನನಗೆ ಗೊತ್ತಿಲ್ಲ ಅಂದೆ. ನಿಜ ತಾನೇ ಕನಕಾ? ನನಗೇಕೆ ಹೇಳಲಿಲ್ಲ?

ಆಮೇಲೆ ಅವರು ಹೇಳಿದ್ದನ್ನು ಅವರ ಮಗನಿಗೂ ಹೇಳಿದವರಲ್ಲ. ನಮ್ಮ ಮಾವ ತೀರಿಹೋಗಿ ಒಂಬತ್ತು ವರ್ಷವಾಯಿತು, ನಾನು ಅವರನ್ನು ನೋಡಿಯೇ ಇಲ್ಲ. ಹದಿನೇಳರ ಅತ್ತೆಯ ಮೇಲೆ ಅವರಿಗೆ ಅಷ್ಟು ಆಸೆಯಂತೆ. ಸಂತೆಗೆ ಹೋದರೆ ಮರೆಯದೆ ಹೂವು ತರುತ್ತಿದ್ದರಂತೆ. ಹೋಗುವಾಗ ಕಾಳು ತುಂಬುವ ಕೋಣೆಯಲ್ಲಿ ಅತ್ತೆಯನ್ನು ಕೂಡಿಹಾಕಿ ಬೀಗ ಹಾಕುತ್ತಿದ್ದರಂತೆ, ಯಾರ ಕಣ್ಣೂ ಬೀಳಬಾರದೆಂದು. ಅತ್ತೆ ತುಂಬಿದ ಬಸುರಿಯಾಗಿದ್ದಾಗ ಒಂದು ದಿನ ಮಾವ ಬೆಲ್ಲದ ಗಾಡಿ ಹೊಡೆದುಕೊಂಡು ದೂರದ ಸಂತೆಗೆ ಹೋಗಿದ್ದರು. ದಿನ ತುಂಬುವ ಮೊದಲೇ ನೋವು ಬಂತು. ಸೂಲಗಿತ್ತಿ ಬಂದಳು, ಬಾಗಿಲಿನ ಆಚೆಯೇ ನಿಂತಳು. ಹಲಸಿನ ಮರದ ಬಾಗಿಲು, ನಾಲ್ಕು ಜನ ಹೆಂಗಸರು ಒದ್ದರೂ ಅಲುಗಲಿಲ್ಲ. ಮಾವ ಸಂಜೆ ಬಂದು ಬಾಗಿಲು ತೆಗೆದಾಗ ಮಗು ತಣ್ಣಗಾಗಿತ್ತು. ಹೆಣ್ಣು ಮಗು.

ಇಷ್ಟನ್ನೂ ಅತ್ತೆ ಕಣ್ಣಲ್ಲಿ ಒಂದು ಹನಿ ಇಲ್ಲದೆ ಹೇಳಿದರು. ಕೊನೆಗೆ ಅಂದದ್ದು ಇದು: "ಕೆಟ್ಟೋನಲ್ಲ ಕಣೇ ನಿಮ್ಮಾವ. ಆಮ್ಯಾಕೆ ಬದುಕಿರೋ ಗಂಟ ಒಂದು ಪೆಟ್ಟಿಗೆಗೂ ಬೀಗ ಆಕ್ಲಿಲ್ಲ. ಒಳ್ಳೇವ್ನೇ. ಆ ಒಳ್ಳೇವ್ನೇ ಬೀಗ ಆಕಿದ್ದು."

ಎರಡು ವರ್ಷದಿಂದ ಒಂದೇ ಮನೆಯಲ್ಲಿದ್ದೇನೆ. ಕಡಲ ದಂಡೆಯ ಬಂಗಲೆಯಲ್ಲಿ ಏನಾಗುತ್ತದೋ ಎಂದು ನಾನು ಉಸಿರು ಬಿಗಿಹಿಡಿದು ಓದುತ್ತಿದ್ದೆ, ಎದುರಿಗೆ ಕೂತು ಕೇಳುತ್ತಿದ್ದವರು ಆ ಕೋಣೆಯೊಳಗಿಂದ ಎದ್ದು ಬಂದವರು. ಅವರನ್ನು ತಲೆಯೆತ್ತಿ ನೋಡಲು ನನಗೆ ಇವತ್ತೂ ಧೈರ್ಯ ಬಂದಿಲ್ಲ, ಹಾಗಂತ ನೋಡದೆಯೂ ಇರಲಾಗುತ್ತಿಲ್ಲ.

ಅವರೇ ಮತ್ತೆ ಕೇಳಿದರು, ಕನಕನ ಗಂಡ ಎಲ್ಲಿ ಕೆಲಸ ಮಾಡುವುದೆಂದು. ನಂದಿದುರ್ಗ ಗಣಿಯಲ್ಲಿ, ಭೂಮಿಯೊಳಗೆ ಅಂದೆ. "ಬೀಗದ್ಕೈ ಜೇಬಲ್ಲಿಟ್ಕೊಂಡು ಭೂಮಿ ಒಳಕ್ಕೆ ಓಯ್ತಾನಾ?" ಅಂದರು. ಗಣಿ ಅದುರಿದಾಗ ಲೈನಿನ ಮನೆಗಳ ಪಾತ್ರೆಗಳೆಲ್ಲ ಉರುಳುತ್ತವೆ ಎಂದು ನೀನೇ ಹೇಳಿದ್ದೆ.

ಕನಕಾ, ನೀನು ಪುಣ್ಯವಂತೆ ಎಂದು ಬರೆದಿದ್ದೆನಲ್ಲ, ಆ ಮಾತನ್ನು ವಾಪಸ್ ತೆಗೆದುಕೊಳ್ಳುತ್ತಿದ್ದೇನೆ. ಆ ಕಾಗದವನ್ನು ಒಲೆಗೆ ಹಾಕು. ನಿನ್ನ ಯಜಮಾನರು ಕೆಟ್ಟವರೆಂದು ನಾನು ಹೇಳುತ್ತಿಲ್ಲ, ನನಗೆ ಅವರು ಗೊತ್ತಿಲ್ಲ. ನಿನಗೆ ಬಾಯಾರಿಕೆಯಾಗುತ್ತದೆ ಎಂಬುದು ಗೊತ್ತು. ಈಗಲೇ ಎದ್ದು ಒಂದು ಚೊಂಬು ನೀರು ಕುಡಿ.

ಎಂದೆಂದಿಗೂ ನಿನ್ನವಳೇ ಆದ,
ವರಲಕ್ಷ್ಮಿ

ಮರೆತ ಮಾತು: ಈ ಕಾಗದಕ್ಕೆ ಸ್ಟಾಂಪು ಅಂಟಿಸಿಲ್ಲ, ನೋಡಿದೆಯಾ? ಬರೆದದ್ದನ್ನೆಲ್ಲ ಅತ್ತೆಗೆ ಓದಿ ಹೇಳಿದೆ, ಅಂಚೆಗೆ ಹಾಕಬೇಡ ಅಂದರು. ನಾಳೆ ಬೆಳಗಿನ ಬಸ್ಸಿಗೆ ಅವರೇ ರಾಬರ್ಟ್‌ಸನ್‌ಪೇಟೆಗೆ ಬಂದು, ಅಲ್ಲಿಂದ ವಿಚಾರಿಸಿಕೊಂಡು ನಿಮ್ಮ ಲೈನಿಗೆ ಬರುತ್ತಾರೆ. ಕಿಟಕಿಯಿಂದ ಇದನ್ನು ನಿನ್ನ ಕೈಗೆ ಕೊಟ್ಟವರೇ ಅವರು. ನಿನ್ನೆಯ ತನಕ ಯಾರಿಗೂ ಹೇಳದಿದ್ದ ಆ ಮಗುವಿನ ಕಥೆಯನ್ನು, ಶಿಫ್ಟು ಮುಗಿಸಿ ಬರುವ ನಿನ್ನ ಯಜಮಾನರಿಗೆ ನಿಮ್ಮ ಹೊಸ್ತಿಲಲ್ಲೇ ಕೂತು ಹೇಳುತ್ತಾರಂತೆ. ಆದರೆ ನೀನು ಒಪ್ಪಿದರೆ ಮಾತ್ರ. ಬೇಡ ಅಂದರೆ ಮಾತಾಡದೆ ಹಿಂದಕ್ಕೆ ಬರುತ್ತಾರೆ. ಅವರೊಂದಿಗೆ ಇಲ್ಲಿಗೆ ಬರುತ್ತೇನೆ ಅಂದರೆ ಇಲ್ಲಿ ಜಾಗವಿದೆ, ನಮ್ಮವರನ್ನು ಕೇಳಿಯಾಗಿದೆ. ಓದಿ ಮುಗಿದರೆ ತಲೆಯೆತ್ತಿ ನೋಡು, ಕಾಯುತ್ತಾ ನಿಂತಿದ್ದಾರೆ. ಅವರಿಗೆ ಓದಲು ಬರುವುದಿಲ್ಲ, ಬಾಯಿಬಿಟ್ಟು ಹೇಳು.