ಅದಲುಬದಲಾದ ಕೋಟು

ಅಕ್ಕಾ, ನಮಸ್ಕಾರ. ರಂಗಮಂದಿರದ ಹೊಲಿಗೆ ಕೆಲಸ ಒಗ್ಗಿದೆ, ಮಂಡಿನೋವೂ ಕಡಿಮೆ. ಈಗ ನಡೆಯುತ್ತಿರುವುದು ಹಾಡಿನ ಹಾಸ್ಯನಾಟಕ. ಅನುಮಾನದ ಗಂಡ ತನ್ನ ಆಳಿನ ಜೊತೆ ಮುಖವಾಡ ಹಾಕಿಕೊಂಡು ಹೆಂಡತಿಯನ್ನು ಪರೀಕ್ಷಿಸಲು ಬರುತ್ತಾನೆ. ನಿನ್ನೆ ನಾನು ಗಡಿಬಿಡಿಯಲ್ಲಿ ಗಂಡನ ಪಾತ್ರದ ಕೋಟನ್ನು ಆಳಿನ ಪಾತ್ರದವನಿಗೆ ತೊಡಿಸಿಬಿಟ್ಟೆ. ಹೆಂಡತಿ ಕೋಟು ನೋಡಿ ಇವನೇ ಗಂಡ ಎಂದುಕೊಂಡು ಆಳಿನ ಕಿವಿ ಹಿಂಡಿ, “ಕಟ್ಕೊಂಡವಳ ಮೇಲೇ ಅನುಮಾನಾನಾ?” ಎಂದು ಹಾಡಿದಳು. “ಅಮ್ಮಾ, ನಾನಲ್ಲ, ಹಿಂದಿರೋರು!” ಎಂದ ಅವನು. ಜನ ಬಿದ್ದುಬಿದ್ದು ನಕ್ಕರು. ನನ್ನ ಕೆಲಸ ಹೋಯಿತು ಎಂದುಕೊಂಡೆ. ನಾಟಕ ಕಂಪನಿಯ ಯಜಮಾನರು ಬಂದು, “ನಾಳೆನೂ ಹೀಗೇ ತೊಡಿಸಮ್ಮ” ಎಂದರು. ನಿಮ್ಮ ತಮ್ಮ ತೀರಿಹೋದಮೇಲೆ ಮೊದಲ ಸಲ ನಕ್ಕೆ. ಗೋಡೆ ನೋಡುತ್ತ ಕೂತವಳನ್ನು ಗದರಿಸಿ ಇಲ್ಲಿಗೆ ಕಳಿಸಿದ ನಿಮ್ಮ ಋಣ ದೊಡ್ಡದು. ಯಾರೂ ಮುಟ್ಟಬಾರದು ಎಂದಿದ್ದೆನಲ್ಲ, ಅವರ ಕೋಟು, ಅದನ್ನು ತೆಗೆದು ಭಾವನವರಿಗೆ ಕೊಡಿ. ಚಳಿಗೆ ಹಾಕಿಕೊಳ್ಳಲಿ. ಕಾರ್ಡು ತುಂಬಿತು.