ಮಹಾಸಭೆಯಲ್ಲಿ ಎದ್ದು ನಿಂತ ಚಿಕ್ಕತಾಯಮ್ಮನವರಿಗೆ

ಒಪ್ಪಂದ ವರ್ಷ ೧೧೬, ಮೂರನೇ ಹಡಗುವಾರ
ಕಲ್ಲಾರೆಕೊಪ್ಪಲು

ಚಿಕ್ಕತಾಯಮ್ಮಜ್ಜಿಯವರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ಬರೆಯುತ್ತಿರುವವಳು ನಿಮ್ಮ ಮೊಮ್ಮಗಳ ಮರಿಮಗಳು. ನನ್ನ ಕೆಲವು ಪದಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ಹಾಲಿನ ಪುಡಿ ಹೊತ್ತ ಹಡಗು ಮಂಗಳೂರಿಗೆ ಬಂದ ದಿನದಿಂದ ನಾವು ವಾರ ಎಣಿಸುತ್ತೇವೆ. ಪುಡಿ ಹಂಚುವ ಜಾಗಕ್ಕೆ ಪುಡಿಕಟ್ಟೆ ಎನ್ನುತ್ತೇವೆ. ನೀವು ಹಾಲು ಹಾಕುತ್ತಿದ್ದ ಡೈರಿ ಕಟ್ಟಡವೇ ಅದು.

ಇವತ್ತೂ ಅಲ್ಲಿ ಸಾಲಿನಲ್ಲಿ ನಿಂತು ಬರಿಗೈಲಿ ಬಂದೆ. ಹಡಗು ತಡವಾಗಿದೆ. ಪುಡಿ ಕಳಿಸುವ ದೇಶದಲ್ಲಿ ಮೇವು ಒಣಗಿದರೆ ನಮ್ಮ ಮಕ್ಕಳಿಗೆ ಅಂಬಲಿಯೇ ಗತಿ. ಊರಿನಲ್ಲಿ ಒಂದೂ ಹಸುವಿಲ್ಲ. ಕೊಟ್ಟಿಗೆ ಎಂದರೇನೆಂದು ಮಗಳಿಗೆ ಗೋಡೆಯ ಗೂಟ ತೋರಿಸಿ ಹೇಳಬೇಕಾಗಿದೆ.

ಇದು ಹೇಗಾಯಿತೆಂದು ಹಳೆಯ ಕಡತಗಳನ್ನೆಲ್ಲ ಓದಿದ್ದೇನೆ. ಹನ್ನೊಂದು ದೇಶಗಳು ಸೇರಿ ಮಾಡಿಕೊಂಡ ಮುಕ್ತ ವ್ಯಾಪಾರ ಒಪ್ಪಂದದಲ್ಲಿ ಪುಡಿಯ ಮೇಲಿನ ಸುಂಕ ತೆಗೆದರು. ಸಾವಿರಾರು ಹಸು ಸಾಕುವ ಕಂಪನಿಗೂ ಎರಡು ಹಸು ಕಟ್ಟಿದ ನಿಮಗೂ ಒಂದೇ ಪೇಟೆ. ಅದನ್ನು ಸಮಾನ ಸ್ಪರ್ಧೆ ಎಂದು ಬರೆದವರಿಗೆ ನಾಚಿಕೆಯಾಗಲಿಲ್ಲ. ಹಾಲಿನ ದರ ಇಳಿಯಿತು, ಹಿಂಡಿಯ ದರ ಇಳಿಯಲಿಲ್ಲ. ಎರಡು ಹಸು ಇದ್ದವರು ಒಂದನ್ನು ಮಾರಿದರು. ಕ್ಯಾನು ತುಂಬದ ಊರಿಗೆ ಹಾಲಿನ ಗಾಡಿ ಬರುವುದು ನಿಂತಿತು. ಆಗ ಉಳಿದವರೂ ಮಾರಿದರು. ಕೊನೆಯ ಹಸು ಹೋದ ಮೇಲೆ ಪುಡಿಯ ಬೆಲೆ ಮೂರು ಪಟ್ಟಾಯಿತು.

ನಿಮ್ಮ ಹಾಲು ಸಂಘದ ಮಹಾಸಭೆಯ ಧ್ವನಿಮುದ್ರಿಕೆ ನನ್ನ ಬಳಿ ಇದೆ. ಒಪ್ಪಂದಕ್ಕೆ ಆಕ್ಷೇಪಣೆ ಕಳಿಸಲು ಅಂದೇ ಕೊನೆಯ ದಿನ. ಒಂದೇ ಒಂದು ಸಂಘ ಬೇಡವೆಂದಿದ್ದರೂ ಸಾಕು, ಜಿಲ್ಲೆಯಲ್ಲಿ ಬಹಿರಂಗ ವಿಚಾರಣೆ ನಡೆಸಲೇಬೇಕಿತ್ತು. ಅವತ್ತು ಸಭೆಗೆ ಆ ಹೊರದೇಶದ ಪುಡಿಯಲ್ಲೇ ಟೀ ಕಾಯಿಸಿದ್ದರು. ಹಾಲು ಹಾಕುವ ಹೆಂಗಸರೇ ಕುಡಿದು ಹೊಗಳುತ್ತಾರೆ.

“ಟೀ ಗಟ್ಟಿಯಾಗೈತೆ ಕಣಕ್ಕ. ನಮ್ಮನೆ ಹಾಲ್ಗೆ ಈಪಾಟಿ ಬಣ್ಣ ಬರಾಕಿಲ್ಲ.”

“ನಿಮ್ಮನೆ ಹಾಲ್ಗೆ ನಲ್ಲಿ ನೀರೂ ಬಿದ್ದಿರ್ತದಲ್ಲ.”

ನಗು. ಅದರ ನಡುವೆ ನಿಮ್ಮ ದನಿ: “ಆ ಒಪ್ಪಂದನ ಕನ್ನಡ್ದಲ್ಲಿ ಒಂದ್ಸತಿ ಓದ್ಬುಡಿ ಅಧ್ಯಕ್ಷರೇ. ಆಮ್ಯಾಕೆ ಒಪ್ಗೆ ಕೇಳಿ.”

ಅಧ್ಯಕ್ಷ ಜವರಪ್ಪನವರು ಹೇಳುತ್ತಾರೆ: “ಒಂಬೈನೂರು ಪುಟ ಅದೆ ಚಿಕ್ಕತಾಯವ್ವ. ಓದಿ ಮುಗ್ಸಗಂಟ ನಿನ್ ಹಸ ಕೆಚ್ಚಲು ಬಿಗ್ಕಂಡು ಅರಚ್ತದೆ. ಕುಂತ್ಕೊ.”

ಮತ್ತೆ ನಗು. ಕುರ್ಚಿ ಎಳೆದ ಸದ್ದು. ನೀವು ಕೂತಿರಿ. ಆಕ್ಷೇಪಣೆ ಇಲ್ಲ ಎಂದು ಠರಾವಾಯಿತು.

ಇಡೀ ತಾಲ್ಲೂಕಿನಲ್ಲಿ ಆ ಪ್ರಶ್ನೆ ಕೇಳಿದವರು ನೀವೊಬ್ಬರೇ. ಆದರೂ ನಿಮ್ಮ ಮೇಲೆ ಕೋಪವಿಲ್ಲ ಎಂದರೆ ಸುಳ್ಳಾಗುತ್ತದೆ. ಈ ಕಾಗದ ಸಭೆಗೆ ಮೊದಲೇ ಕೈ ಸೇರಿದರೆ ಒಂದೇ ಬೇಡಿಕೆ. ಅವರು ನಗಲಿ. ಅವತ್ತೊಂದು ದಿನ ಸಂಜೆಯ ಹಾಲನ್ನು ನಿಮ್ಮ ಮಗಳು ಕರೆಯಲಿ. ಒಂಬೈನೂರನೇ ಪುಟ ಓದಿ ಮುಗಿಯುವವರೆಗೆ ನೀವು ಕೂರಬೇಡಿ.

ನಿಮ್ಮ
ಪದುಮ