ಅರವತ್ತು ತಲೆ, ಒಂದು ಅಳತೆ ಪುಸ್ತಕ

ಮಾನ್ಯ ಮಾಹಿತಿ ಭದ್ರತಾ ಅಧಿಕಾರಿಗಳೇ,

ನನ್ನ ಅಳತೆ ಪುಸ್ತಕವನ್ನು ಏಳು ದಿನದೊಳಗೆ ಸುಟ್ಟು, ಸುಟ್ಟಿದ್ದಕ್ಕೆ ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ ಕಳುಹಿಸಬೇಕೆಂದು ತಾವು ಹೊರಡಿಸಿದ ನೋಟಿಸು ಕೈಸೇರಿದೆ. ಸುಡುವುದಿಲ್ಲ. ಇಷ್ಟು ಹೇಳಲು ಒಂದು ಕಾರ್ಡು ಸಾಕಿತ್ತು. ಆದರೆ ತಾವು ನೋಟಿಸಿನಲ್ಲಿ ನನ್ನನ್ನು ‘ಅರವತ್ತು ನಾಗರಿಕರ ಸೂಕ್ಷ್ಮ ದೈಹಿಕ ಮಾಹಿತಿಯನ್ನು ಯಾವುದೇ ರಕ್ಷಣೆಯಿಲ್ಲದೆ ಇಟ್ಟುಕೊಂಡಿರುವ ವ್ಯಕ್ತಿ’ ಎಂದು ಕರೆದಿದ್ದೀರಿ. ಸ್ವಾಮಿ, ಅಂಥ ವ್ಯಕ್ತಿಯನ್ನು ನಮ್ಮ ಬೀದಿಯಲ್ಲಿ ಇಷ್ಟು ವರ್ಷ ದರ್ಜಿ ಎಂದು ಕರೆಯುತ್ತಿದ್ದರು. ವಿಷಯ ಇಷ್ಟು ದೂರ ಬಂದ ಮೇಲೆ ನಾಲ್ಕು ಜನರ ಮುಂದೆಯೇ ಮಾತಾಡಿಬಿಡೋಣ ಎಂದು ಈ ಪತ್ರವನ್ನು ಪತ್ರಿಕೆಗೆ ಕೊಡುತ್ತಿದ್ದೇನೆ.

ಓದುವವರಿಗಾಗಿ ಹಿಂದಿನದನ್ನು ಸ್ವಲ್ಪ ಹೇಳಬೇಕು. ತಮಗೆ ಗೊತ್ತಿರುವುದೇ, ತಾಳ್ಮೆ ಇರಲಿ. ತಮ್ಮ ಸಂಶೋಧನಾ ಕೇಂದ್ರದಲ್ಲಿ ಜನ ನಿದ್ದೆ ಮಾಡುವಾಗ ಮಿದುಳು ಏನು ಮಾಡುತ್ತದೆ ಎಂದು ನೋಡುತ್ತಾರೆ. ಅದಕ್ಕೆ ತಲೆಗೆ ಕಟ್ಟುವ ಪಟ್ಟಿ ಬೇಕು, ಪಟ್ಟಿಯ ಜೇಬಿನಲ್ಲಿ ಬೆರಳಷ್ಟು ದೊಡ್ಡ ಯಂತ್ರ ಕೂರಬೇಕು. ಹೊರದೇಶದಿಂದ ತರಿಸಿದ ಪಟ್ಟಿಗಳು ಯಾರ ತಲೆಗೂ ನಿಲ್ಲದೆ ಮೂಗಿನ ಮೇಲೆ ಜಾರಿದವಂತೆ. ಆಗ ನೆನಪಾದವನು ನಾನು. ನಾನೇ ಅಲ್ಲಿಗೆ ಹೋಗಿ ಅರವತ್ತು ತಲೆಗಳನ್ನು ಟೇಪು ಹಿಡಿದು ಅಳೆದೆ, ಅಂಗಡಿಯ ಪುಸ್ತಕದಲ್ಲಿ ಬರೆದುಕೊಂಡೆ, ಅರವತ್ತು ಪಟ್ಟಿ ಹೊಲಿದುಕೊಟ್ಟೆ. ಒಂದೂ ಜಾರಲಿಲ್ಲ. ಅಳತೆಯ ದಿನ ಜೊತೆಗೆ ಬಂದಿದ್ದ ನನ್ನ ಹೆಂಡತಿಯನ್ನು ಕಂಡು, ಅಲ್ಲಿಯ ಸಂಶೋಧಕಿ ಹುಡುಗಿ, ಒಬ್ಬರು ಕಡಿಮೆ ಇದ್ದಾರೆ, ನೀವೂ ಸೇರಿಕೊಳ್ಳಿ ಎಂದಳು. ನನ್ನ ಹೆಂಡತಿಯೂ ಅರವತ್ತನೆಯವಳಾಗಿ ಸೇರಿಕೊಂಡಳು. ನಿದ್ದೆ ಮಾಡಿದ್ದಕ್ಕೆ ಸರ್ಟಿಫಿಕೇಟು ಕೊಡುತ್ತಾರೆಂದರೆ ಯಾರಿಗೆ ಬೇಡ?

ಅರವತ್ತೂ ಜನ ಒಂದು ವಾರ ಮನೆಯಲ್ಲಿ ಪಟ್ಟಿ ಕಟ್ಟಿಕೊಂಡು ಮಲಗಿದರು, ಪಟ್ಟಿ ಹಿಂದಿರುಗಿಸಿದರು. ತಮ್ಮ ಕೃತಕ ಬುದ್ಧಿಮತ್ತೆಯ ಯಂತ್ರ ಆ ನಿದ್ದೆಯನ್ನೆಲ್ಲ ಒಂದು ಮಧ್ಯಾಹ್ನದಲ್ಲಿ ಓದಿ ಮುಗಿಸಿ, ಮೂವತ್ತೇಳನೇ ಸಂಖ್ಯೆಯ ಮೇಲೆ ಕೆಂಪು ಗುರುತು ಹಾಕಿತು. ಆ ಯಂತ್ರದ ಮೇಲೆ ನನಗೆ ಯಾವ ದೂರೂ ಇಲ್ಲ. ಅದರ ಕೆಲಸ ಅದು ಮಾಡಿದೆ. ಆಮೇಲಿನದು ಮನುಷ್ಯರ ಕೆಲಸ, ಅಂದರೆ ತಮ್ಮದು. ತಮ್ಮ ಇಲಾಖೆ ಅರವತ್ತು ಮನೆಗೂ ಒಂದೇ ಪತ್ರ ಕಳುಹಿಸಿತು: ‘ತಮ್ಮ ಪೈಕಿ ಒಬ್ಬರ ಮಿದುಳಿನ ಅಲೆಗಳಲ್ಲಿ ವೈದ್ಯರು ತುರ್ತಾಗಿ ನೋಡಬೇಕಾದ ಲಕ್ಷಣ ಕಂಡುಬಂದಿದೆ. ಖಾಸಗಿತನದ ದೃಷ್ಟಿಯಿಂದ ಅವರು ಯಾರೆಂದು ತಿಳಿಸಲಾಗದು. ಉಳಿದ ಐವತ್ತೊಂಬತ್ತು ಮಂದಿ ಗಾಬರಿಯಾಗಬೇಕಾಗಿಲ್ಲ.’

ಉಳಿದ ಐವತ್ತೊಂಬತ್ತು ಮಂದಿ! ಆ ಐವತ್ತೊಂಬತ್ತರಲ್ಲಿ ತಾನೂ ಒಬ್ಬ ಎಂದು ತಿಳಿಯುವುದು ಹೇಗೆ ಎಂಬುದನ್ನು ಪತ್ರದ ಕೆಳಗೆ ಸಣ್ಣಕ್ಷರದಲ್ಲಾದರೂ ಬರೆಯಬಹುದಿತ್ತು. ನನ್ನ ಹೆಂಡತಿ ಪತ್ರ ಓದಿ, ಮಡಚಿ, ಗುಂಡಿ ಡಬ್ಬಿಯ ಕೆಳಗಿಟ್ಟು, ತನಗೇನೂ ಆಗಿಲ್ಲ ಎಂದಳು. ನನಗೆ ಧೈರ್ಯ ಸಾಲಲಿಲ್ಲ. ಮಧ್ಯಾಹ್ನ ಅವಳು ಐದು ನಿಮಿಷ ಒರಗಿದರೂ ಬಗ್ಗಿ ಮುಖ ನೋಡುತ್ತಿದ್ದೆ. ಹೊಲಿಗೆ ಯಂತ್ರದ ಮುಂದೆ ಒಬ್ಬಳನ್ನೇ ಕೂರಲು ಬಿಡುತ್ತಿರಲಿಲ್ಲ. ಕೊನೆಗೆ ಅಂಗಡಿಯ ಕತ್ತರಿಗಳನ್ನೆಲ್ಲ ಒಳಪದರದ ಅಸ್ತರು ಬಟ್ಟೆಯ ಸುರುಳಿಯ ಹಿಂದೆ ಬಚ್ಚಿಟ್ಟೆ. ಅವಳು ಅವನ್ನು ಹುಡುಕಿ ತೆಗೆದು ಮೇಜಿನ ಮೇಲೆ ಸಾಲಾಗಿ ಜೋಡಿಸಿ, ನನ್ನನ್ನು ಕರೆದು ಕೇಳಿದಳು.

“ಕತ್ತರಿ ಬಚ್ಚಿಟ್ರೆ ಕಾಜಾ ಹೇಗೆ ಕತ್ತರಿಸ್ಲಿ? ಹಲ್ಲಲ್ಲಾ? ಭಯ ಆದ್ರೆ ಭಯ ಅಂತ ಹೇಳಿ. ನಂಗೂ ಆಗಿದೆ.”

ಮದುವೆಯಾಗಿ ಇಪ್ಪತ್ತೆಂಟು ವರ್ಷದಲ್ಲಿ ಅವಳು ಯಾವುದಕ್ಕೂ ಭಯ ಎಂದದ್ದನ್ನು ನಾನು ಕೇಳಿರಲಿಲ್ಲ. ಮರುದಿನ ಅಂಗಡಿಗೆ ಬಾಗಿಲು ಹಾಕಿ ತಮ್ಮ ಕೇಂದ್ರಕ್ಕೆ ಬಂದೆ.

ಸಂಶೋಧಕಿ ಹುಡುಗಿಯ ಮುಖ ನನ್ನ ಮುಖಕ್ಕಿಂತ ಬಾಡಿತ್ತು. ಮೂವತ್ತೇಳರವರಿಗೆ ನಿದ್ದೆಯಲ್ಲಿ ಸದ್ದಿಲ್ಲದೆ ಫಿಟ್ಸ್ ಬರುತ್ತಿರುವಂತಿದೆ, ಗುಳಿಗೆಯಲ್ಲಿ ಹತೋಟಿಗೆ ಬರಬಹುದು, ಆದರೆ ಎಚ್ಚರವಿದ್ದಾಗ ಬಂದರೆ, ಅದೂ ಗಾಡಿ ಓಡಿಸುವಾಗಲೋ ರಸ್ತೆ ದಾಟುವಾಗಲೋ ಬಂದರೆ ಕಷ್ಟ ಎಂದಳು. ಹಾಗಾದರೆ ಹೆಸರು ನೋಡಿ ಹೇಳಮ್ಮಾ ಎಂದೆ.

“ಅಂಕಲ್, ಮೂವತ್ತೇಳು ಯಾರು ಅಂತ ನಂಗೂ ಗೊತ್ತಿಲ್ಲ. ಹೆಸರು–ನಂಬರು ಜೋಡಿಸಿದ್ದ ಲಿಸ್ಟು ಒಂದೇ ಇತ್ತು. ಯಾರಾದ್ರೂ ಕದ್ದುಬಿಟ್ರೆ ಅಂತ ಭದ್ರತಾ ಇಲಾಖೆಯವ್ರು ಅದನ್ನ ಅಳಿಸಿಬಿಟ್ರು.”

ಕದಿಯುವವರಿಗೆ ಸಿಗಬಾರದೆಂದು ಮನೆಯವರಿಗೂ ಸಿಗದಂತೆ ಮಾಡುವ ಈ ವಿದ್ಯೆಯನ್ನು ತಾವು ಯಾವ ವಿಶ್ವವಿದ್ಯಾಲಯದಲ್ಲಿ ಕಲಿತಿರಿ? ನಾನು ಸೊಂಟಪಟ್ಟಿಯ ಒಳಗೆ ಗಿರಾಕಿಯ ಚೀಟಿಯನ್ನು ಪಿನ್ನು ಮಾಡುತ್ತೇನೆ. ಕಳ್ಳ ಬರಬಹುದೆಂದು ಆ ಚೀಟಿಗಳನ್ನೆಲ್ಲ ಹರಿದು ಬಿಸಾಡಿದರೆ ಸಂಜೆ ಬರುವ ಗಿರಾಕಿಗೆ ಯಾರ ಪ್ಯಾಂಟು ಕೊಡಲಿ? ಅರವತ್ತು ಜನರನ್ನೂ ಮತ್ತೆ ಕರೆದು ನೋಡಿ ಎಂದು ಕೇಳಿದೆ. ಅದಕ್ಕೆ ನೈತಿಕತಾ ಸಮಿತಿಯ ಒಪ್ಪಿಗೆ ಬೇಕಂತೆ. ಸಮಿತಿ ಮೂರು ತಿಂಗಳಿಗೊಮ್ಮೆ ಸೇರುತ್ತದಂತೆ, ಹೋದ ವಾರವಷ್ಟೇ ಸೇರಿ ಚಹಾ ಕುಡಿದು ಹೋಯಿತಂತೆ.

ಮೂವತ್ತೇಳು ಎಂದು ನಂಬರು ಅಂಟಿಸಿದ ತಲೆಪಟ್ಟಿಯನ್ನಾದರೂ ತೋರಿಸು ಎಂದೆ. ತೋರಿಸುವ ಹಾಗಿಲ್ಲ ಎಂದಳು. ಆಮೇಲೇನಾಯಿತೆಂದು ತಾವು ನೋಟಿಸಿನ ನಾಲ್ಕನೇ ಪ್ರಶ್ನೆಯಲ್ಲಿ ಕೇಳಿದ್ದೀರಿ. ಉತ್ತರ ಇದು: ಯಾರೂ ನನಗೆ ಏನನ್ನೂ ತೋರಿಸಲಿಲ್ಲ. ಮೇಜಿನ ಮೇಲೆ ಒಂದು ಪಟ್ಟಿ ಇತ್ತು, ನನಗೆ ಎರಡು ಕಣ್ಣಿದ್ದವು. ಆ ಹೊತ್ತಿಗೆ ನೀರು ಕುಡಿಯಲು ಎದ್ದುಹೋದವರು ಯಾರಾದರೂ ಇದ್ದರೆ, ಬಾಯಾರಿಕೆ ಅಪರಾಧವೆಂದು ನಾನು ಎಲ್ಲೂ ಓದಿಲ್ಲ.

ನನ್ನ ಹೆಂಡತಿಯ ಪಟ್ಟಿಯ ಒಳಅಂಚಿಗೆ ನಾನು ಕೆಂಪು ದಾರದ ಒಂದು ಹೊಲಿಗೆ ಹಾಕಿದ್ದೆ. ಯಾಕೆ ಹಾಕಿದೆ ಎಂದು ಅವಳಿಗೆ ಹೇಳಿಲ್ಲ, ತಮಗೂ ಹೇಳುವುದಿಲ್ಲ. ಪಟ್ಟಿಯನ್ನು ತಿರುಗಿಸಿ ನೋಡಿದೆ. ಕೆಂಪು ದಾರ ಇರಲಿಲ್ಲ. ಇಷ್ಟು ಸಂತೋಷ ನನಗೆ ಜನ್ಮದಲ್ಲಿ ಆಗಿರಲಿಲ್ಲ. ಇನ್ನೊಂದು ಸಲ ತಿರುಗಿಸಿದಾಗ ಹಿಂಬದಿಯಲ್ಲಿ ಹಸಿರು ಬಟ್ಟೆಯ ತೇಪೆ ಕಾಣಿಸಿತು, ಆ ಸಂತೋಷಕ್ಕೆ ನಾಚಿಕೆಯಾಯಿತು. ಅರವತ್ತರಲ್ಲಿ ಒಂದೇ ಒಂದು ಪಟ್ಟಿಗೆ ನಾನು ತೇಪೆ ಹಾಕಿದ್ದೆ. ಆ ತಲೆಯ ಹಿಂದೆ ಗಂಟಿತ್ತು, ಅರ್ಧ ಇಂಚು ಹೆಚ್ಚು ಬಿಡಬೇಕಾಗಿತ್ತು, ಎಲಾಸ್ಟಿಕ್ ಮುಗಿದಿತ್ತು. ಅಂಗಡಿಗೆ ಓಡಿಬಂದು ಪುಸ್ತಕ ತೆಗೆದೆ. ಪುಸ್ತಕದಲ್ಲಿ ನಾನು ಯಾರ ಹೆಸರನ್ನೂ ಬರೆಯುವುದಿಲ್ಲ. ‘ಬಾಗಿದ ಭುಜ’, ‘ನಗುವ ಮೇಷ್ಟ್ರು’, ‘ಹೊಟ್ಟೆ ಎಳೆದುಕೊಂಡು ನಿಲ್ಲುವವರು’ ಎಂದು ಬರೆಯುತ್ತೇನೆ. ತಾವು ಗೂಢಲಿಪಿ ಎಂದು ಹೇಳುವುದು ಇದನ್ನೇ ಅಲ್ಲವೇ? ಅದೂ ನನ್ನ ಅಕ್ಷರದಲ್ಲಿ. ಗಂಟಿನ ತಲೆಯ ಪಕ್ಕದಲ್ಲಿ ‘ಏಣಿ ಅಣ್ಣ’ ಎಂದಿತ್ತು.

ಏಣಿ ಅಣ್ಣ ಗೋಡೆಗಳಿಗೆ ಬಣ್ಣ ಹೊಡೆಯುವವರು. ಎಲ್ಲಿ ಕೆಲಸ ಎಂದು ಅವರ ಮನೆಯಲ್ಲಿ ವಿಚಾರಿಸಿದರೆ, ನಾನು ಈಗಷ್ಟೇ ಬಿಟ್ಟು ಬಂದ ಕಟ್ಟಡವನ್ನೇ ಹೇಳಿದರು. ಹೌದು ಸ್ವಾಮಿ, ತಮ್ಮ ಕೇಂದ್ರವೇ. ಎರಡನೇ ಮಹಡಿ, ತಮ್ಮ ಕಿಟಕಿಯ ಹೊರಗೆ. ತಾವು ಮೂವತ್ತೇಳನೆಯವರನ್ನು ಲೋಕದಿಂದ ಮುಚ್ಚಿಡುತ್ತಿದ್ದಷ್ಟು ದಿನವೂ ಅವರು ತಮ್ಮ ಗಾಜಿನಾಚೆ, ಏಣಿಯ ತುದಿಯಲ್ಲಿ, ಒಂದು ಕೈಯಲ್ಲಿ ಡಬ್ಬ ಹಿಡಿದು ನಿಂತಿದ್ದರು. ತಮಗೆ ಎರಡು ಸಲ ಕೈಯನ್ನೂ ಬೀಸಿದ್ದರಂತೆ.

ಮತ್ತೆ ಅಲ್ಲಿಗೆ ಓಡಿದರೆ, ಏಣಿಯ ಬುಡದಲ್ಲಿ ಕಾವಲುಗಾರರು, ಮಾಲಿ, ಜೊತೆ ಕೆಲಸದವರು ಇದ್ದರು. ನಿಮಗೆ ಫಿಟ್ಸ್ ಇದೆ, ಇಳಿಯಿರಿ ಎಂದು ಅವರೆಲ್ಲರ ಮುಂದೆ ಕೂಗಲೇ? ಖಾಸಗಿತನವೆಂದರೇನೆಂದು ನಮಗೂ ಸ್ವಲ್ಪ ಗೊತ್ತಿದೆ. ಷರ್ಟಿನ ಟ್ರಯಲ್ ನೋಡಬೇಕು, ಈಗಲೇ ಇಳಿದು ಬನ್ನಿ ಎಂದು ಕೂಗಿದೆ. ನಾನು ಷರ್ಟೇ ಹೊಲಿಯಲು ಕೊಟ್ಟಿಲ್ಲವಲ್ಲ ಎಂದರು ಮೇಲಿನಿಂದ. ಕೊಟ್ಟಿದ್ದೀರಿ, ಮರೆತಿದ್ದೀರಿ ಎಂದೆ. ಪಾಪ, ಏಣಿ ಅಣ್ಣ ಸ್ವಂತ ಮರೆವಿಗೇ ಹೆದರಿ ಒಂದೊಂದೇ ಮೆಟ್ಟಿಲು ಇಳಿದರು. ಅವರು ನೆಲ ಮುಟ್ಟುವವರೆಗೆ ನಾನು ಏಣಿಯ ಬುಡವನ್ನು ಎರಡು ಕೈಯಲ್ಲಿ ಹಿಡಿದು ನಿಂತೆ. ಅವರನ್ನು ಅಂಗಡಿಗೆ ಕರೆತಂದು, ಟ್ರಯಲ್ ಕೋಣೆಯ ಪರದೆ ಎಳೆದು, ಮೆಲ್ಲಗೆ ಎಲ್ಲ ಹೇಳಿದೆ. ಅವರು ನಾಲಿಗೆಯ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡರು.

“ಎಷ್ಟೋ ದಿನ ಬೆಳಗ್ಗೆ ಎದ್ದಾಗ ನಾಲಿಗೆ ಕಚ್ಚಿರ್ತಿತ್ತು. ಕನಸಲ್ಲಿ ಏನೋ ಊಟ ಮಾಡ್ದೆ ಅಂದ್ಕೊಂಡಿದ್ದೆ ಕಣ್ರೀ.”

ಆಸ್ಪತ್ರೆಯ ವೈದ್ಯರು ಅದೇ ಕಾಯಿಲೆ ಎಂದರು. ಈಗ ಗುಳಿಗೆ ನಡೆಯುತ್ತಿದೆ, ಏಣಿ ಹತ್ತುವಂತಿಲ್ಲ, ನೆಲದ ಮೇಲೆ ನಿಂತು ಬಾಗಿಲುಗಳಿಗೆ ಬಣ್ಣ ಹೊಡೆಯುತ್ತಿದ್ದಾರೆ. ಇದನ್ನೆಲ್ಲ ಬರೆಯಲು ಅವರ ಒಪ್ಪಿಗೆ ಕೇಳಿದೆ. ತಮ್ಮ ಕೇಂದ್ರದ ಹದಿನಾಲ್ಕು ಪುಟದ ಒಪ್ಪಿಗೆ ನಮೂನೆ ಬೇಕಾಗಲಿಲ್ಲ, ಬರೀರಿ ಎಂದರು. ಅವರಿಗೆ ಇಲ್ಲದ ಷರ್ಟನ್ನು ನನ್ನ ಹೆಂಡತಿ ಹೊಲಿದುಕೊಟ್ಟಿದ್ದಾಳೆ, ನಾನು ಹೇಳಿದ್ದು ಸುಳ್ಳಾಗಬಾರದೆಂದು.

ತಾವೊಮ್ಮೆ ಕುರ್ಚಿಯಿಂದೆದ್ದು ಕಿಟಕಿ ತೆರೆದು ಹೊರಗೆ ಬಗ್ಗಿ ನೋಡಿ. ಗೋಡೆಯ ಬಣ್ಣ ಒಂದು ಕಡೆ ಅರ್ಧ ಗೆರೆಗೇ ನಿಂತಿದೆ. ಆ ಮನುಷ್ಯ ಇಳಿದುಬಂದ ಜಾಗ ಅದು. ತಮ್ಮ ನೋಟಿಸಿನಲ್ಲಿ ಹನ್ನೊಂದು ಪ್ರಶ್ನೆಗಳಿವೆ, ಅವರು ಹೇಗಿದ್ದಾರೆ ಎಂಬ ಪ್ರಶ್ನೆ ಅದರಲ್ಲಿಲ್ಲ.

ನನ್ನ ಬೇಡಿಕೆ ಹೆಚ್ಚೇನಿಲ್ಲ. ನೋಟಿಸು ಹಿಂದೆಗೆದುಕೊಳ್ಳಿ. ಮುಂದಿನ ಸಲ ಯಾರದಾದರೂ ತಲೆಯೊಳಗೆ ಇಣುಕುವ ಮೊದಲು, ಆ ತಲೆ ಯಾರದೆಂದು ಒಂದು ಚೀಟಿಯಲ್ಲಿ ಬರೆದು, ಮುಚ್ಚಿದ ಲಕೋಟೆಯಲ್ಲಿ ಹಾಕಿ, ನಂಬಿಕೆಯ ವೈದ್ಯರೊಬ್ಬರ ಕೈಗೆ ಕೊಡಿ. ಬಾಯಾರಿಕೆಯಾಗುವ ಹುಡುಗಿಯ ತಂಟೆಗೆ ಹೋಗಬೇಡಿ, ತಮ್ಮಲ್ಲಿ ಕೆಲಸ ಗೊತ್ತಿರುವವಳು ಅವಳೇ.

ಇನ್ನೊಂದು ಮಾತು. ಗೋಪ್ಯತೆಯ ಕುರಿತ ಸಮ್ಮೇಳನದಲ್ಲಿ ಭಾಷಣ ಮಾಡಲು ತಾವು ಹೊಲಿಯಲು ಕೊಟ್ಟಿರುವ ಕೋಟಿನ ಅಳತೆಯೂ ಅದೇ ಪುಸ್ತಕದಲ್ಲಿದೆ. ಪುಸ್ತಕ ಸುಟ್ಟರೆ ಕೋಟಿಲ್ಲ. ಹಳೆಯ ಕೋಟಿನ ಅಳತೆಗೂ ಈಗಿನದಕ್ಕೂ ಎಷ್ಟು ವ್ಯತ್ಯಾಸ ಬಂದಿದೆ ಎಂದು ನಾನು ಇಲ್ಲಿ ಬರೆಯುವುದಿಲ್ಲ, ಇದು ಬಹಿರಂಗ ಪತ್ರ. ಗುರುವಾರ ಟ್ರಯಲ್ಲಿಗೆ ಬನ್ನಿ, ಪರದೆ ಎಳೆದಿರುತ್ತೇನೆ.

ಇಂತಿ,
ತಮ್ಮ ಸೊಂಟದ ಅಳತೆಯನ್ನು ತನ್ನ ಹೆಂಡತಿಗೂ ಹೇಳದ,
ತಮ್ಮ ದರ್ಜಿ